ಆ ಹಳೇ ಹುಚ್ಚಾಸ್ಪತ್ರೆ ರಿಜಿಸ್ಟರ್‌ಗಳನ್ನ ರದ್ದಿಗೆ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರ್‌ನ ಓದುಗರ ಪತ್ರಗಳಲ್ಲಿ ಒಬ್ರು ಯಾವುದೋ ರಾಜಕಾರಣಿ ಮಾತಿಗೆ ಸಿಟ್ಟು ಬಂದು "ಇವರನ್ನ ಧಾರವಾಡಕ್ಕೆ ಕಳಿಸ್ಬೇಕು" ಅಂತ ಬರೆದಿದ್ರು. ಬೈದಿದ್ದಕ್ಕೆ ನನ್ನ ತಕರಾರಿಲ್ಲ, ರಾಜಕಾರಣಿಗಳು ಬೈಸಿಕೊಳ್ಳೋ ಕೆಲಸ ಮಾಡ್ತಾನೇ ಇರ್ತಾರೆ. ಆದ್ರೆ ಈ ಮಾತು ಚಿಕ್ಕಂದಿನಿಂದ ಕೇಳ್ತಾ ಬಂದಿದೀನಿ, ಹರಿಹರದ ಕಡೆ ನಮಗೆ "ಧಾರವಾಡ" ಅಂದ್ರೆ ಪೇಢಾ ಜೊತೆಗೆ ಹುಚ್ಚಾಸ್ಪತ್ರೆ ಅನ್ನೋ ಇನ್ನೊಂದು ಅರ್ಥನೂ ಇತ್ತು, ಬೆಂಗಳೂರು ಕಡೆಯವರು ಅದನ್ನೇ "ನಿಮ್ಹಾನ್ಸ್ ಗಿರಾಕಿ" ಅಂತಾರೆ. ಈ ಮಾತು ಎಲ್ಲಾದ್ರೂ ಬಂದ್ರೆ ನಮ್ಮ ಅಜ್ಜಿ ಎದ್ದು ಒಳಗೆ ಹೋಗ್ಬಿಡೋರು. ಯಾಕೆ ಅಂತ ಗೊತ್ತಾಗಿದ್ದು ಅಜ್ಜಿ ತೀರಿಕೊಂಡು ಎಷ್ಟೋ ವರ್ಷ ಆದ್ಮೇಲೆ.

ಅಜ್ಜಿಗೆ ಒಬ್ಬಳು ಅಕ್ಕ ಇದ್ಳು. ಹೆಸರು ಬರೆಯಲ್ಲ, ಮನೆಯವರಿಗೆ ಈಗಲೂ ಇಷ್ಟ ಇಲ್ಲ. 1930ರ ದಶಕದಲ್ಲಿ ಮದುವೆಯಾಗಿ ಹೋಗಿ ಮೊದಲನೇ ಬಾಣಂತನದಲ್ಲಿ ಏನೋ ಆಯ್ತು, ರಾತ್ರಿಯೆಲ್ಲ ನಿದ್ದೆ ಇಲ್ದೆ ಓಡಾಡೋಳಂತೆ, ಕೂಸನ್ನ ಮುಟ್ಟೋಕೇ ಒಲ್ಲೆ ಅನ್ನೋಳಂತೆ, ಒಂದಿನ ಹೊಳೆ ಕಡೆ ಹೊರಟವಳನ್ನ ಯಾರೋ ಹಿಡ್ಕೊಂಡು ಬಂದ್ರಂತೆ. ಇವತ್ತಾದ್ರೆ ಬಾಣಂತಿಗೆ ಬರೋ ಖಾಯಿಲೆ ಅಂತ ಡಾಕ್ಟರು ನೋಡ್ತಾರೆ, ಔಷಧಿ ಕೊಡ್ತಾರೆ, ಎಷ್ಟೋ ಜನ ಆರಾಮಾಗಿ ಮನೇಗೆ ಬರ್ತಾರೆ. ಅವಳನ್ನ ಆಸ್ಪತ್ರೆಗೆ ಬಿಟ್ಟು ಬಂದ್ರು, ಆಮೇಲೆ ಮನೇಲಿ ಅವಳ ಹೆಸರು ಎತ್ತೋದನ್ನೇ ನಿಲ್ಲಿಸಿದ್ರು, ಮಕ್ಕಳು ಕೇಳಿದ್ರೆ ಕಾಲರಾದಲ್ಲಿ ಹೋದ್ಳು ಅಂತ ಹೇಳಿದ್ರು. ಯಾವ ಆಸ್ಪತ್ರೆ ಅಂತ ಕೇಳಿದ್ರೆ ಉಳಿದಿರೋ ಮೂರು ಜನ ಹಿರಿಯರು ಮೂರು ಹೇಳ್ತಾರೆ, ಒಬ್ರು ಧಾರವಾಡ, ಒಬ್ರು ಬೆಂಗಳೂರು, ಇನ್ನೊಬ್ರು ಮದ್ರಾಸು.

ನಮ್ಮ ಕಡೆಯವರಿಗೆ ಇದು ಅರ್ಥ ಆಗುತ್ತೆ. ತುಂಗಭದ್ರೆಯ ಈ ದಂಡೆ ಹರಿಹರ ಮೈಸೂರು ಸಂಸ್ಥಾನ, ಹೊಳೆ ದಾಟಿದ್ರೆ ರಾಣೆಬೆನ್ನೂರು ಮುಂಬೈ ಪ್ರೆಸಿಡೆನ್ಸಿ, ಇತ್ತ ಹರಪನಹಳ್ಳಿಗೆ ಹೋದ್ರೆ ಅದು ಬಳ್ಳಾರಿ ಜಿಲ್ಲೆ ಅಂದ್ರೆ ಮದ್ರಾಸ್ ಪ್ರೆಸಿಡೆನ್ಸಿ. ಒಂದೇ ಸೀಮೆ, ಒಂದೇ ಭಾಷೆ, ಬೀಗರು ಮೂರು ಕಡೆನೂ ಇದ್ರು, ಸರ್ಕಾರ ಮಾತ್ರ ಮೂರು. ಹುಚ್ಚು ಹಿಡಿದವರು ಯಾವ ದಂಡೆ ಮೇಲೆ ಸಿಕ್ಕಿದ್ರು ಅನ್ನೋದರ ಮೇಲೆ ಯಾವ ಆಸ್ಪತ್ರೆ ಅಂತ ತೀರ್ಮಾನ ಆಗ್ತಿತ್ತು. ದೊಡ್ಡಜ್ಜಿ ತವರು ಈ ಕಡೆ, ಕೊಟ್ಟ ಮನೆ ಆ ಕಡೆ, ಗಂಡನ ಕೆಲಸ ಮತ್ತೊಂದು ಕಡೆ. ಅದಕ್ಕೇ ಮೂರು ಹೆಸರು.

ರಿಟೈರ್ ಆದ್ಮೇಲೆ ಕೈಯಲ್ಲಿ ಟೈಮ್ ಇತ್ತು ಅಂತ ಹುಡುಕೋಕೆ ಶುರು ಮಾಡಿದೆ. ಒಂದು ಕಚೇರಿಗೆ ಹೋಗಿ (ಯಾವುದು ಅಂತ ಬರೆಯಲ್ಲ, ಅಲ್ಲಿನವರು ಕೆಟ್ಟವರೇನಲ್ಲ, ಕೂರಿಸಿ ಟೀ ಕೊಟ್ರು) ಸ್ವಾತಂತ್ರ್ಯಕ್ಕೆ ಮುಂಚಿನ ದಾಖಲಾತಿ ರಿಜಿಸ್ಟರ್ ಇದೆಯಾ ಅಂತ ಕೇಳಿದೆ. ಮೊದಲು ಇದೆ ಅಂದ್ರು, ಎರಡನೇ ಸಲ ಹೋದಾಗ ಗೋಡೌನಲ್ಲಿ ಇರಬಹುದು ಅಂದ್ರು, ಮೂರನೇ ಸಲ ಒಬ್ಬ ಹಳಬರು ಮೆಲ್ಲಗೆ ಹೇಳಿದ್ರು, ಅಮ್ಮಾ ಕಟ್ಟಡ ಸೋರಿದಾಗ ಒದ್ದೆಯಾಗಿ ಗೆದ್ದಲು ಹತ್ತಿದ್ವು, ಕ್ಲೀನ್ ಮಾಡೋವಾಗ ಒಂದು ಟೆಂಪೋ ತುಂಬ ರದ್ದಿ ಹೋಯ್ತು, ಅದರಲ್ಲಿ ಏನೇನಿತ್ತು ಅಂತ ನೋಡಿದವರು ಯಾರೂ ಇಲ್ಲ ಅಂತ. ಆವತ್ತು ಬಸ್ಸಲ್ಲಿ ವಾಪಸ್ ಬರೋವಾಗ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಯಾರೂ ಮೋಸ ಮಾಡಿಲ್ಲ, ಯಾರಿಗೂ ಅದು ಬೇಕಾದ ಕಾಗದ ಅಂತ ಅನಿಸಿಲ್ಲ ಅಷ್ಟೇ. ಈ ಪತ್ರ ಬರೀತಿರೋದು ಅದಕ್ಕೇ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸ್ಬೇಡಿ.

ಆಗಿನ ಹುಚ್ಚಾಸ್ಪತ್ರೆ ಹೇಗೆ ನಡೀತಿತ್ತು ಅಂತ ಮೊದಲು ಗೊತ್ತಾಗ್ಬೇಕು, ಆವಾಗಲೇ ಈ ರಿಜಿಸ್ಟರ್‌ಗಳ ಬೆಲೆ ಗೊತ್ತಾಗೋದು. ಅದು ಶುರುವಿನಲ್ಲಿ ಒಂದು ವ್ಯಾಪಾರ. ಮದ್ರಾಸಿನಲ್ಲಿ 1794ರಲ್ಲಿ ವ್ಯಾಲೆಂಟೈನ್ ಕಾನೊಲಿ ಅನ್ನೋ ಸರ್ಜನ್ ಕಂಪನಿ ಸರ್ಕಾರದ ಒಪ್ಪಿಗೆ ತಗೊಂಡು ಸ್ವಂತ ಹುಚ್ಚಾಸ್ಪತ್ರೆ ತೆಗೆದ, ತಲೆಗೆ ಇಷ್ಟು ಅಂತ ಕಂಪನಿ ದುಡ್ಡು ಕೊಡ್ತಿತ್ತು. ಮುಂದೆ ಅದು ಕೈಯಿಂದ ಕೈಗೆ ಮಾರಾಟ ಆಯ್ತು, ಡಾಲ್ಟನ್ ಅನ್ನೋ ಡಾಕ್ಟರ ಕೈಗೆ ಬಂದಾಗ ಊರವರು ಡಾಲ್ಟನ್ ಹುಚ್ಚಾಸ್ಪತ್ರೆ ಅಂತಾನೇ ಕರೀತಿದ್ರಂತೆ. ಕಲ್ಕತ್ತಾದ ಭವಾನಿಪುರದಲ್ಲೂ ಹೀಗೇ ಬಿಯರ್ಡ್ಸ್‌ಮೋರ್ ಅನ್ನೋನು ಬಿಳಿಯರಿಗಾಗಿ ನಡೆಸ್ತಿದ್ದ. ರೋಗಿ ಬೇಗ ವಾಸಿಯಾಗಿ ಹೋದ್ರೆ ಮಾಲೀಕನಿಗೆ ಲಾಸು, ಇದನ್ನ ಕಂಡುಹಿಡಿಯೋಕೆ ದೊಡ್ಡ ತಲೆ ಬೇಕಾಗಿಲ್ಲ.

ಬಿಳಿಯರ ವಿಷಯದಲ್ಲಿ ಬ್ರಿಟಿಷರು ಇನ್ನೊಂದು ಕೆಲಸ ಮಾಡಿದ್ರು. ಇಲ್ಲಿ ತಲೆ ಕೆಟ್ಟ ಸೈನಿಕರು, ಆಫೀಸರ್‌ಗಳು, ಅವರ ಹೆಂಗಸರು ಬಹಳ ದಿನ ಇಲ್ಲೇ ಇರಬಾರದು, ಆಳೋ ಜನ ಹುಚ್ಚರಾಗಿರೋದನ್ನ ಆಳಿಸಿಕೊಳ್ಳೋರು ನೋಡಬಾರದು, ಪ್ರತಿಷ್ಠೆ ಏನಾಗ್ಬೇಕು? ಹಡಗು ಹತ್ತಿಸಿ ಊರಿಗೆ ಕಳಿಸ್ತಿದ್ರು. ಲಂಡನ್ ಹತ್ತಿರ ಹ್ಯಾಕ್ನಿಯ ಪೆಂಬ್ರೋಕ್ ಹೌಸ್‌ಗೆ, 1870ರಿಂದ 1892ರ ತನಕ ಈಲಿಂಗ್‌ನಲ್ಲಿದ್ದ ರಾಯಲ್ ಇಂಡಿಯಾ ಅಸೈಲಮ್‌ಗೆ (ಅಸೈಲಮ್ ಅಂದ್ರೆ ಹುಚ್ಚಾಸ್ಪತ್ರೆ). ಆ ಎರಡೂ ಕಡೆಯ ರೋಗಿಗಳ, 1818ರಿಂದ ಶುರುವಾಗೋ ಕೇಸ್ ಪುಸ್ತಕಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಜೋಪಾನವಾಗಿ ಇವೆ. ಇದು ಓದಿದಾಗ ನನಗಾದ ಸಂಕಟ ಹೇಗೆ ಬರೀಲಿ. ಅವರ ಮರಿಮಕ್ಕಳು ಕಾರ್ಡ್ ಮಾಡಿಸಿಕೊಂಡು ಹೋಗಿ ಕೇಳಿದ್ರೆ ಪುಸ್ತಕ ತಂದು ಟೇಬಲ್ ಮೇಲೆ ಇಡ್ತಾರೆ. ನಮ್ಮವರದ್ದು ಟೆಂಪೋದಲ್ಲಿ ಹೋಯ್ತು.

ನಮ್ಮವರಿಗೆ ಅಂತ ಅಸೈಲಮ್‌ಗಳು ಸಾಲು ಸಾಲಾಗಿ ಎದ್ದಿದ್ದು 1857ರ ದಂಗೆ ಮುಗಿದ ಮೇಲೆ. ಅದಕ್ಕೆ ಮುಂಚೆ ಇರಲಿಲ್ಲ ಅಂತಲ್ಲ, ಬೆಂಗಳೂರು ಪೇಟೆಯಲ್ಲಿ ಧರ್ಮಾಂಬುಧಿ ಕೆರೆ ಹತ್ತಿರ (ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದೆಯಲ್ಲ, ಅದೇ ಕೆರೆ) ಮೈಸೂರು ಕಮಿಷನ್‌ನ (ಆಗ ಸಂಸ್ಥಾನ ಆಳ್ತಿದ್ದ ಬ್ರಿಟಿಷ್ ಆಡಳಿತ) ಸರ್ಜನ್ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಶುರು ಮಾಡಿದ್ದು ಅದಕ್ಕೂ ಹಳೇದು, ಧಾರವಾಡದ್ದೂ ಹಳೇದೇ. 1858ರಲ್ಲಿ ಕಾನೂನು ಬಂತು. ಪೊಲೀಸ್ ದರೋಗ ಬೀದಿಯಲ್ಲಿ ಅಲೆಯೋ, ಅಪಾಯ ಅನ್ನಿಸೋ ಹುಚ್ಚರನ್ನ ಹಿಡಿದು ಮ್ಯಾಜಿಸ್ಟ್ರೇಟ್ ಮುಂದೆ ತರ್ಬೇಕು, ಡಾಕ್ಟರ್ ಸರ್ಟಿಫಿಕೇಟ್ ಕೊಡ್ಬೇಕು, ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡಿ ಅಸೈಲಮ್‌ಗೆ ಕಳಿಸ್ಬೇಕು. ಗಮನಿಸಿ, ಇದರಲ್ಲಿ ಮೊದಲು ಬರೋನು ಪೊಲೀಸು. ದಂಡಿನ ರಸ್ತೆಯಲ್ಲಿ, ಬಜಾರಿನಲ್ಲಿ, ಸ್ಟೇಷನ್ ಪ್ಲಾಟ್‌ಫಾರ್ಮ್‌ನಲ್ಲಿ ಕಣ್ಣಿಗೆ ಬಿದ್ದವರು ಒಳಗೆ ಹೋದ್ರು, ಹಳ್ಳಿ ಮನೆ ಹಿತ್ತಲಲ್ಲಿ ಕಂಬಕ್ಕೆ ಕಟ್ಟಿದವರು ಹಿತ್ತಲಲ್ಲೇ ಉಳಿದ್ರು. ಜನಗಣತಿಯಲ್ಲಿ ಹುಚ್ಚರು, ಕುರುಡರು, ಕಿವುಡು ಮೂಕರು, ಕುಷ್ಠದವರು ಅಂತ ಬೇರೆ ಬೇರೆ ಎಣಿಸ್ತಿದ್ರು, ಹಾಗೆ ಎಣಿಸಿದ ಹುಚ್ಚರಲ್ಲಿ ಅಸೈಲಮ್ ಒಳಗೆ ಇದ್ದವರು ಬಹಳ ಕಮ್ಮಿ ಪಾಲು. ಹೆಂಗಸರು ಇನ್ನೂ ಕಮ್ಮಿ. ನಮ್ಮ ದೊಡ್ಡಜ್ಜಿ ಆ ಕಮ್ಮಿಯಲ್ಲಿ ಒಬ್ಬಳು.

ಅಸೈಲಮ್‌ಗೆ ಅಂತಾನೇ ಒಬ್ಬ ಡಾಕ್ಟರ್ ಇರೋದು ಅಪರೂಪ. ಜಿಲ್ಲೆಯ ಸಿವಿಲ್ ಸರ್ಜನ್‌ಗೆ ಸಿವಿಲ್ ಆಸ್ಪತ್ರೆ, ಜೈಲು, ಪೋಸ್ಟ್‌ಮಾರ್ಟಂ, ಸಿಡುಬಿನ ಚುಚ್ಚುಮದ್ದು, ಸಾಹೇಬರ ಹೆಂಡ್ತಿ ಜ್ವರ ಎಲ್ಲ ಆದ್ಮೇಲೆ ಅಸೈಲಮ್ ಒಂದು ಹೆಚ್ಚುವರಿ ಕೆಲಸ. 20ನೇ ಶತಮಾನದ ಮೊದಲ ದಶಕದ ತನಕ ಜೈಲು ನೋಡ್ಕೊಳ್ಳೋ ಇನ್ಸ್‌ಪೆಕ್ಟರ್ ಜನರಲ್‌ಗೂ ಇದರ ಮೇಲೆ ಅಧಿಕಾರ ಇತ್ತು. ಕಟ್ಟಡ ನೋಡಿದ್ರೇ ಗೊತ್ತಾಗುತ್ತೆ, ಎತ್ತರದ ಗೋಡೆ, ಸಾಲು ಕೋಣೆ, ಒಂದೇ ಬಾಗಿಲು. ಒಳಗೆ ಹಗಲೂ ರಾತ್ರಿ ರೋಗಿಗಳ ಜೊತೆ ಇದ್ದವರು ಕಮ್ಮಿ ಸಂಬಳದ ವಾರ್ಡರ್‌ಗಳು. ಬೇಡಿ ಹಾಕಲ್ಲ ಅಂತ ಸೂಪರಿಂಟೆಂಡೆಂಟ್‌ಗಳು ರಿಪೋರ್ಟ್‌ನಲ್ಲಿ ಹೆಮ್ಮೆಯಿಂದ ಬರೀತಿದ್ರು, ಇಂಗ್ಲೆಂಡಿನಲ್ಲಿ ಆಗ ಅದು ದೊಡ್ಡ ಸುಧಾರಣೆ ಆಗಿತ್ತು. ಆದ್ರೆ ಬೇಡಿ ಬದಲು ಕತ್ತಲೆ ಕೋಣೆ, ಮಂಪರು ಬರಿಸೋ ಕ್ಲೋರಲ್, ಮಾರ್ಫಿಯಾ, ತಣ್ಣೀರು ಇದ್ವು. ವಾಸಿಯಾಗ್ತಿದಾನೋ ಇಲ್ವೋ ಅಂತ ನೋಡೋಕೆ ತೂಕ ಹಾಕ್ತಿದ್ರು. ತೂಕ ಏರಿದ್ರೆ ಒಳ್ಳೇದು, ಊಟ ಬಿಟ್ರೆ ಬಲವಂತವಾಗಿ ತಿನ್ನಿಸೋದು. ಸತ್ತವರು ಹೆಚ್ಚಾಗಿ ಸತ್ತಿದ್ದು ಹುಚ್ಚಿನಿಂದ ಅಲ್ವೇ ಅಲ್ಲ, ಆಮಶಂಕೆ, ಭೇದಿ, ಕಾಲರಾ, ಕ್ಷಯ, ನಿಶ್ಶಕ್ತಿ. ನೀರು ಕೆಟ್ಟಿದ್ರೆ, ಜಾಗಕ್ಕಿಂತ ಜನ ಜಾಸ್ತಿ ತುಂಬಿದ್ರೆ ಆಗೋದೇ ಅದು.

ಕೆಲಸ ಮಾಡ್ಸೋದು ಔಷಧಿ ಅಂತಿದ್ರು. ನೇಯ್ಗೆ, ಹಗ್ಗ ಹೊಸೆಯೋದು, ಗೋಣಿ ಚೀಲ, ತೋಟ, ಬೀಸೋದು ಕುಟ್ಟೋದು. ಕೈಗೆ ಕೆಲಸ ಇದ್ರೆ ಮನಸ್ಸು ನಿಲ್ಲುತ್ತೆ ಅನ್ನೋದು ಸುಳ್ಳಲ್ಲ, ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ಮಾತು. ಆದ್ರೆ ವರ್ಷದ ರಿಪೋರ್ಟ್‌ನಲ್ಲಿ ಅದು ಖರ್ಚಿನ ಲೆಕ್ಕದ ಹತ್ತಿರ ಬರುತ್ತೆ, ಈ ವರ್ಷ ರೋಗಿಗಳು ಮಾಡಿದ ಸಾಮಾನು ಮಾರಿ ಇಷ್ಟು ರೂಪಾಯಿ ಬಂತು, ತಲೆಗೆ ತಗುಲಿದ ಖರ್ಚು ಇಷ್ಟು ಕಮ್ಮಿ ಆಯ್ತು ಅಂತ. ಹಾಗೆ ಬರೆದಾಗ ಅದು ಯಾರ ಔಷಧಿ ಅಂತ ಕೇಳ್ಬೇಕಾಗುತ್ತೆ.

ಆ ವಾರ್ಷಿಕ ರಿಪೋರ್ಟ್‌ಗಳನ್ನ ನಾನು ಓದಿದ್ದು ಎಲ್ಲಿ ಅಂತೀರಾ, ನನ್ನ ಮೊಬೈಲಲ್ಲಿ. ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಇಂಡಿಯಾದ ವೈದ್ಯಕೀಯ ರಿಪೋರ್ಟ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್‌ನಲ್ಲಿ ಬಿಟ್ಟಿ ಹಾಕಿದೆ, ಅದರಲ್ಲಿ ಅಸೈಲಮ್ ರಿಪೋರ್ಟ್‌ಗಳೂ ಇವೆ. ಮುಂಬೈ ಪ್ರೆಸಿಡೆನ್ಸಿ ಅಂತ ತೆಗೆದ್ರೆ ಕೊಲಾಬಾ, ಪುಣೆ, ಅಹಮದಾಬಾದ್, ರತ್ನಾಗಿರಿ, ಸಿಂಧ್‌ನ ಹೈದರಾಬಾದ್, ಅವುಗಳ ಜೊತೆ ನಮ್ಮ ಧಾರವಾಡ. ಎಡಿನ್‌ಬರೋದ ಆ ಗ್ರಂಥಾಲಯದಲ್ಲಿ ಕೂತವರು ಧಾರವಾಡದ ಲೆಕ್ಕ ಕಾಪಾಡಿ ನನ್ನ ಕೈಗೆ ಕೊಟ್ರು. ಅವರಿಗೆ ಕೈ ಮುಗೀತೀನಿ. ರಾತ್ರಿ ಕನ್ನಡಕ ಹಾಕ್ಕೊಂಡು ಪುಟ ಪುಟ ನೋಡಿದೆ. ಬಂದವರು ಎಷ್ಟು, ವಾಸಿಯಾದವರು ಎಷ್ಟು, ಸತ್ತವರು ಎಷ್ಟು, ಹಿಂದೂ ಎಷ್ಟು ಮುಸ್ಲಿಂ ಎಷ್ಟು, ಗಂಡಸು ಹೆಂಗಸು, ಕ್ರಿಮಿನಲ್ ಹುಚ್ಚರು ಎಷ್ಟು, ಅಲ್ಲದವರು ಎಷ್ಟು. ಕೋಷ್ಟಕದ ಮೇಲೆ ಕೋಷ್ಟಕ. ಹೆಸರು ಒಂದೂ ಇಲ್ಲ. ಹೆಸರು ಇರೋದು ಆಸ್ಪತ್ರೆಯ ಒಳಗಿನ ರಿಜಿಸ್ಟರ್‌ನಲ್ಲಿ, ಕೇಸ್ ಶೀಟ್‌ನಲ್ಲಿ. ಅದು ಲಂಡನ್ನಿಗೂ ಹೋಗ್ಲಿಲ್ಲ ಎಡಿನ್‌ಬರೋಗೂ ಹೋಗ್ಲಿಲ್ಲ, ಅದರ ಒಂದೇ ಒಂದು ಪ್ರತಿ ಇಲ್ಲೇ ಇತ್ತು, ಇದ್ರೆ ಇಲ್ಲೇ ಇರ್ಬೇಕು.

ಆ ಕೋಷ್ಟಕಗಳನ್ನ ಮಾತ್ರ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕಥೆ ಇದೆ, ಅದನ್ನ ಹೇಳ್ಲೇಬೇಕು. ಹುಚ್ಚರನ್ನ ಹಿಡಿದು ಕಳಿಸೋವಾಗ ಪೊಲೀಸ್ ಒಂದು ವಿವರದ ಫಾರಂ ತುಂಬಿಸ್ಬೇಕಿತ್ತು. ಹೆಸರು, ವಯಸ್ಸು, ಜಾತಿ, ಯಾವಾಗಿಂದ ಹೀಗೆ, ಹುಚ್ಚಿಗೆ ಕಾರಣ ಏನು. ಈ ಕೊನೇ ಕಾಲಂ ಇದೆಯಲ್ಲ, ಯೋಚನೆ ಮಾಡಿ, ಹುಚ್ಚಿಗೆ ಕಾರಣ ಏನು ಅಂತ ಇವತ್ತಿನ ಪ್ರೊಫೆಸರ್‌ಗಳೂ ಎದೆ ತಟ್ಟಿ ಹೇಳಲ್ಲ, ಅದನ್ನ ಒಬ್ಬ ಪೇದೆ ಬರೀಬೇಕು. ಖಾಲಿ ಬಿಟ್ರೆ ಮೇಲಿನವರು ವಾಪಸ್ ಕಳಿಸ್ತಾರೆ. ಸಿಕ್ಕಿದವನು ಊರು ಕೇರಿ ಗೊತ್ತಿಲ್ಲದ ಅಲೆಮಾರಿ, ಜಟೆ ಇದೆ, ಬೈರಾಗಿ ಥರ ಕಾಣ್ತಾನೆ, ಬರೆದ "ಗಾಂಜಾ". ಅದು ಮ್ಯಾಜಿಸ್ಟ್ರೇಟ್ ಕಾಗದಕ್ಕೆ ಹೋಯ್ತು, ಅಲ್ಲಿಂದ ಅಸೈಲಮ್ ರಿಜಿಸ್ಟರ್‌ಗೆ, ಅಲ್ಲಿಂದ ವರ್ಷದ ರಿಪೋರ್ಟಿನ ಕೋಷ್ಟಕಕ್ಕೆ, ಅಲ್ಲಿಂದ ಲಂಡನ್ನಿಗೆ. ಇಂಡಿಯಾದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದೋರಿಂದ ತುಂಬಿ ಹೋಗಿವೆ ಅಂತ ಅಲ್ಲಿ ಜನ ಮಾತಾಡ್ಕೊಂಡ್ರು.

1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಡಬ್ಲ್ಯೂ.ಎಸ್. ಕೇನ್ ಅನ್ನೋ ಸದಸ್ಯರು ಗಾಂಜಾ ಬಗ್ಗೆ ಪ್ರಶ್ನೆ ಎತ್ತಿದ್ರು, ಅದರ ಮೇಲೆ ಸರ್ಕಾರ ಒಂದು ಕಮಿಷನ್ ಮಾಡ್ತು, ಏಳು ಜನ, ಅದರಲ್ಲಿ ಮೂರು ಜನ ಭಾರತೀಯರು, ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷರು. ದೇಶ ತುಂಬ ಓಡಾಡಿ 1,193 ಸಾಕ್ಷಿಗಳನ್ನ ಕೇಳಿದ್ರು. ಅವರು ಮಾಡಿದ ಅತಿ ಒಳ್ಳೇ ಕೆಲಸ ಅಂದ್ರೆ ನನ್ನ ಪ್ರಕಾರ ಇದು: ಕೋಷ್ಟಕ ಬಿಟ್ಟು ಒಬ್ಬೊಬ್ಬ ರೋಗಿಯ ಕಾಗದಕ್ಕೆ ವಾಪಸ್ ಹೋದ್ರು. 1892ನೇ ಒಂದು ವರ್ಷ ಹಿಡ್ಕೊಂಡು ಗಾಂಜಾ ಭಂಗಿಯಿಂದ ಹುಚ್ಚು ಅಂತ ಬರೆದಿದ್ದ ಕೇಸುಗಳನ್ನೆಲ್ಲ ಮತ್ತೆ ತನಿಖೆ ಮಾಡಿಸಿದ್ರು, ಊರಿಗೆ ಜನ ಕಳಿಸಿ ಸಂಬಂಧಿಕರನ್ನ ಕೇಳಿಸಿದ್ರು, ಸೂಪರಿಂಟೆಂಡೆಂಟ್‌ಗಳನ್ನ ಕೂರಿಸಿ ನೀವು ಇದನ್ನ ಯಾವ ಆಧಾರದ ಮೇಲೆ ಬರೆದ್ರಿ ಅಂತ ಕೇಳಿದ್ರು. ಪೊಲೀಸ್ ಕಾಗದದಲ್ಲಿ ಇದ್ದಿದ್ದನ್ನೇ ನಕಲು ಮಾಡಿದ್ವಿ ಅಂತ ಡಾಕ್ಟರ್‌ಗಳು ಒಪ್ಕೊಂಡ್ರು. ಅರ್ಧಕ್ಕಿಂತ ಜಾಸ್ತಿ ಕೇಸು ನಿಲ್ಲಲೇ ಇಲ್ಲ. ಎಷ್ಟೋ ಜನರಿಗೆ ಸೇದೋ ಅಭ್ಯಾಸಾನೇ ಇರ್ಲಿಲ್ಲ, ಕೆಲವರಿಗೆ ಹುಚ್ಚು ಮೊದಲು ಬಂದಿತ್ತು ಸೇದೋದು ಆಮೇಲೆ.

ಇದನ್ನ ಓದಿ ನನಗೆ ಎದ್ದು ಕೂತು ಒಂದು ವಿಷಯ ಹೊಳೀತು. ಆ ಸುಳ್ಳು ಬಯಲಾಗಿದ್ದು ಹೆಸರಿರೋ ಕಾಗದ ಉಳಿದಿತ್ತು ಅಂತ. ಕಾಗದ ರದ್ದಿಗೆ ಹೋಗಿದ್ರೆ ಕೋಷ್ಟಕವೇ ಸತ್ಯ ಆಗಿ ಉಳೀತಿತ್ತು. ನಮ್ಮ ದೊಡ್ಡಜ್ಜಿ ಕಾಲಂನಲ್ಲಿ ಏನು ಬರೆದಿದ್ರೋ? ಬಾಣಂತನ ಅಂತ ಬರೆದ್ರೋ, ದೆವ್ವ ಅಂತ ಮನೆಯವರು ಹೇಳಿದ್ದನ್ನ ಬರೆದ್ರೋ, ಗಂಡನ ಮನೆಯವರು ಇನ್ನೇನಾದ್ರೂ ಬರೆಸಿದ್ರೋ?

ಇನ್ನೊಂದು ಪುಸ್ತಕದ ಬಗ್ಗೆನೂ ಹೇಳ್ಬೇಕು, ವಿಸಿಟರ್ಸ್ ಬುಕ್. 1858ರ ಕಾನೂನಿನಲ್ಲೇ ಇತ್ತು, ಪ್ರತಿ ಅಸೈಲಮ್‌ಗೂ ಕಮ್ಮಿ ಅಂದ್ರೆ ಮೂರು ಜನ ವಿಸಿಟರ್‌ಗಳನ್ನ ಸರ್ಕಾರ ನೇಮಿಸ್ಬೇಕು, ಒಬ್ರು ಡಾಕ್ಟರ್ ಆಗಿರ್ಬೇಕು, ಅವರಲ್ಲಿ ಇಬ್ಬರಾದ್ರೂ ಸೇರಿ ತಿಂಗಳಿಗೊಂದು ಸಲ ಇಡೀ ಕಟ್ಟಡ ಓಡಾಡಿ ನೋಡ್ಬೇಕು, ರೋಗಿಗಳನ್ನ ನೋಡ್ಬೇಕು, ಮೂರು ಜನ ಸೇರಿ ಬಿಡುಗಡೆಗೂ ಆರ್ಡರ್ ಮಾಡಬಹುದು. ಕಾಗದದ ಮೇಲೆ ಎಷ್ಟು ಒಳ್ಳೇ ಏರ್ಪಾಡು! ಹೊರಗಿನ ಕಣ್ಣು ತಿಂಗಳಿಗೊಮ್ಮೆ ಒಳಗೆ ಬರುತ್ತೆ. ಆದ್ರೆ ವಿಸಿಟರ್ ಅಂದ್ರೆ ಕಲೆಕ್ಟರ್ರು, ಜಡ್ಜು, ಜೈಲು ಸಾಹೇಬರು, ಅವರ ಮುಂದೆ ಒಬ್ಬ ಬಡ ರೋಗಿ ಕನ್ನಡದಲ್ಲೋ ತೆಲುಗಿನಲ್ಲೋ ನನ್ನನ್ನ ಮನೆಗೆ ಕಳಿಸಿ ಅಂದ್ರೆ ಎಷ್ಟು ಜನ ಕಿವಿಗೊಟ್ರು? ಅದಕ್ಕೂ ಉತ್ತರ ಇರೋದು ಆ ಬುಕ್‌ನಲ್ಲೇ, ಯಾವ ತಿಂಗಳು ಬಂದ್ರು, ಏನು ಬರೆದ್ರು, ಎಷ್ಟು ತಿಂಗಳು ಸಹಿ ಮಾತ್ರ ಹಾಕಿ ಹೋದ್ರು. ಒಂದು ಊರಿನ ಹೊಣೆಗಾರಿಕೆಯ ಚರಿತ್ರೆ ಅದು.

ಎಲ್ಲ ಬ್ರಿಟಿಷರ ತಲೆಗೆ ಕಟ್ಟಿ ಕೈ ತೊಳ್ಕೊಳ್ಳೋದು ನನಗೆ ಬೇಡ. 1912ರಲ್ಲಿ ಅವರು ಹೊಸ ಕಾನೂನು ಮಾಡಿದ್ರು, ಲೂನಸಿ ಆಕ್ಟ್, ತಾವೇ ಬಂದು ಸೇರೋಕೂ ಅದರಲ್ಲಿ ದಾರಿ ಇತ್ತು, ಆದ್ರೂ ಮುಖ್ಯವಾಗಿ ಮ್ಯಾಜಿಸ್ಟ್ರೇಟ್ ಆರ್ಡರ್ ಮೇಲೆ ಒಳಗೆ ಹಾಕೋ ಕಾನೂನೇ. 1920ರ ಸುತ್ತಮುತ್ತ ಅಸೈಲಮ್ ಅನ್ನೋ ಬೋರ್ಡು ತೆಗೆದು ಮೆಂಟಲ್ ಹಾಸ್ಪಿಟಲ್ ಅಂತ ಹಾಕಿದ್ರು. ರಾಂಚಿಯಲ್ಲಿ 1918ರಲ್ಲಿ ಬಿಳಿಯರಿಗೆ ಒಂದು ಒಳ್ಳೇ ಆಸ್ಪತ್ರೆ, 1925ರಲ್ಲಿ ಅದರ ಪಕ್ಕದಲ್ಲೇ ಭಾರತೀಯರಿಗೆ ಬೇರೆ ಆಸ್ಪತ್ರೆ, ಹುಚ್ಚಿಗೂ ಬಣ್ಣ ನೋಡಿದ್ರು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ದೇಶದ ಆರೋಗ್ಯ ವ್ಯವಸ್ಥೆ ನೋಡೋಕೆ ಮಾಡಿದ್ದ ಭೋರ್ ಕಮಿಟಿಗೆ ಅಂತ ರಾಂಚಿ ಆಸ್ಪತ್ರೆಯ ಡಾಕ್ಟರ್ ಮೂರ್ ಟೇಲರ್ ಅನ್ನೋರು ದೇಶದ ಮಾನಸಿಕ ಆಸ್ಪತ್ರೆಗಳನ್ನ ಸುತ್ತಿ ನೋಡಿ ಬರೆದ್ರು, ಹೆಚ್ಚಿನವು ಕೂಡಿ ಹಾಕೋಕೆ ಕಟ್ಟಿದವು, ವಾಸಿ ಮಾಡೋಕೆ ಕಟ್ಟಿದವಲ್ಲ ಅಂತ. ಇಡೀ ದೇಶಕ್ಕೆ ಹತ್ತು ಸಾವಿರ ಚಿಲ್ಲರೆ ಹಾಸಿಗೆ, 40 ಸಾವಿರ ಜನಕ್ಕೆ ಒಂದು. ಇಂಗ್ಲೆಂಡಿನಲ್ಲಿ ಆಗ 300 ಜನಕ್ಕೆ ಒಂದು.

ಸರಿ, ಅವರು ಹೋದ್ರು. ಆ 1912ರ ಕಾನೂನು ಯಾವಾಗ ಹೋಯ್ತು ಗೊತ್ತಾ? ಹೊಸದು 1987ರಲ್ಲಿ ಪಾಸಾಗಿ ಜಾರಿಗೆ ಬಂದಿದ್ದು 1993ರಲ್ಲಿ. ಅಂದ್ರೆ ಸ್ವಾತಂತ್ರ್ಯ ಬಂದು 46 ವರ್ಷ ನಾವೇ ಅದೇ ಕಾನೂನಿನಲ್ಲಿ ನಮ್ಮವರನ್ನ ಒಳಗೆ ಹಾಕ್ತಿದ್ವಿ. ಆಗ ನಾನು ಮದುವೆಯಾಗಿ ಮಕ್ಕಳಾಗಿ ಕೆಲಸಕ್ಕೆ ಹೋಗ್ತಿದ್ದೆ. ಇದು ಅಜ್ಜಿ ಕಾಲದ ಮಾತಾಗಿ ಉಳಿಯೋದಿಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿ ಕಟ್ಟಿದ್ದ ಜನ ಬೆಂಕಿ ಬಿದ್ದಾಗ ಓಡೋಕೆ ಆಗ್ದೆ ಸತ್ರು, 28 ಜನ. 2017ರ ಕಾನೂನಿನಲ್ಲಿ ಸರಪಳಿ ಹಾಕೋದೇ ಅಪರಾಧದ ಪಟ್ಟಿಗೆ ಸೇರಿದೆ, ರೋಗಿಗೆ ತನ್ನ ಕಾಗದ ನೋಡೋ ಹಕ್ಕು ಕೂಡ ಬಂದಿದೆ. ಅದು ಬದುಕಿರೋರಿಗೆ. ಸತ್ತವರ ಕಾಗದದ ಬಗ್ಗೆ ನಾನು ಕೇಳ್ತಿರೋದು.

ಒಳ್ಳೇದೂ ಇತ್ತು ಅಂತ ಹೇಳ್ದೆ ಹೋದ್ರೆ ತಪ್ಪಾಗುತ್ತೆ. ಬೆಂಗಳೂರಿನ ಆಸ್ಪತ್ರೆ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಆಗಿ, 1930ರ ದಶಕದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಗೆ ಲಕ್ಕಸಂದ್ರದ ಬಯಲಿಗೆ ಹೋಯ್ತು, ಡಾ. ಫ್ರಾಂಕ್ ನರೋನ್ಹ ಅವರು ಅದಕ್ಕೆ ಬಹಳ ಓಡಾಡಿದ್ರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ. ಲಂಡನ್ನಿನ ಮಾಡ್ಸ್ಲಿ ಮಾನಸಿಕ ಆಸ್ಪತ್ರೆಯ ಡಾ. ಎಡ್ವರ್ಡ್ ಮೇಪದರ್ 1930ರ ದಶಕದ ಕೊನೆಯಲ್ಲಿ ಇಲ್ಲಿನ ಆಸ್ಪತ್ರೆಗಳನ್ನ ನೋಡೋಕೆ ಬಂದಾಗ ಬ್ರಿಟಿಷರ ಸ್ವಂತ ಆಡಳಿತದ ಹಲವನ್ನ ಕಟುವಾಗಿ ಟೀಕೆ ಮಾಡಿ ಬೆಂಗಳೂರನ್ನ ಮೆಚ್ಚಿಕೊಂಡ್ರು. ಆಮೇಲೆ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನ ನಡೆಸಿದ್ರು, 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯ್ತು. ನಿಮ್ಹಾನ್ಸ್‌ನಲ್ಲಿ ಹಳೇ ವಸ್ತುಗಳನ್ನ ಇಟ್ಟು ಒಂದು ಮ್ಯೂಸಿಯಂ ಮಾಡಿದಾರೆ, ಅಲ್ಲಿನ ಡಾಕ್ಟರ್‌ಗಳೇ ಹಳೇ ಕೇಸ್ ಫೈಲ್‌ಗಳನ್ನ ಓದಿ ಚರಿತ್ರೆ ಬರೆದಿದಾರೆ. ಮನಸ್ಸು ಮಾಡಿದ್ರೆ ಆಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ನಮ್ಮ ದೊಡ್ಡಜ್ಜಿ ಬೆಂಗಳೂರಿಗೇ ಹೋಗಿರ್ಲಿ ಅಂತ ನಾನು ಎಷ್ಟು ಸಲ ಅಂದ್ಕೊಂಡಿದೀನೋ, ಆ ಬಯಲು, ಆ ಗಾಳಿ ಸಿಕ್ಕಿರ್ಲಿ ಅಂತ. ಆದ್ರೆ ಕೊಟ್ಟ ಮನೆ ಹೊಳೆ ಆಚೆ ಇತ್ತಲ್ಲ.

ಈಗ ನನ್ನ ಕೋರಿಕೆ. ರಾಜ್ಯ ಪತ್ರಾಗಾರ ಇಲಾಖೆ ಮತ್ತು ಆರೋಗ್ಯ ಇಲಾಖೆ ಸೇರಿ ಕರ್ನಾಟಕದಲ್ಲಿ ಹಳೇ ಮಾನಸಿಕ ಆಸ್ಪತ್ರೆಗಳಿಗೆ ಸೇರಿದ ಕಾಗದ ಎಲ್ಲೆಲ್ಲಿ ಉಳಿದಿದೆ ಅಂತ ಮೊದಲು ಒಂದು ಪಟ್ಟಿ ಮಾಡ್ಲಿ. ಆಸ್ಪತ್ರೆಯಲ್ಲೇ ಇರ್ಬೇಕಂತಿಲ್ಲ, ಕಲೆಕ್ಟರ್ ಕಚೇರಿಯಲ್ಲಿ, ಹಳೇ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ, ಪೊಲೀಸ್ ದಫ್ತರದಲ್ಲಿ, ಜೈಲಿನಲ್ಲಿ ಇರಬಹುದು, ಒಬ್ಬ ರೋಗಿ ಒಳಗೆ ಹೋಗೋಕೆ ಎಷ್ಟು ಬಾಗಿಲು ದಾಟಿದನೋ ಅಷ್ಟು ಕಡೆ ಕಾಗದ ಹುಟ್ಟಿರುತ್ತೆ. ಪಟ್ಟಿ ಆಗೋ ತನಕ 1947ಕ್ಕೆ ಮುಂಚಿನ ಯಾವ ಕಟ್ಟನ್ನೂ ರದ್ದಿಗೆ ಹಾಕ್ಬಾರದು ಅಂತ ಒಂದು ಸುತ್ತೋಲೆ ಹೊರಡಿಸ್ಲಿ, ಇದಕ್ಕೆ ದುಡ್ಡೂ ಬೇಡ. ದಾಖಲಾತಿ ರಿಜಿಸ್ಟರ್, ಸಾವಿನ ರಿಜಿಸ್ಟರ್, ವಿಸಿಟರ್ಸ್ ಬುಕ್ ಈ ಮೂರನ್ನ ಮೊದಲು ಸ್ಕ್ಯಾನ್ ಮಾಡ್ಲಿ. ನಮ್ಮ ಯೂನಿವರ್ಸಿಟಿಗಳಲ್ಲಿ ಇತಿಹಾಸ ಓದೋ ಮಕ್ಕಳಿದಾರೆ, ಧಾರವಾಡದಲ್ಲಂತೂ ಕೇಳೋದೇ ಬೇಡ, ಅವರಿಗೆ ಹಳೇ ಕೈಬರಹ ಓದೋದು ಕಲಿಸಿ ಈ ಕೆಲಸಕ್ಕೆ ಹಚ್ಚಿದ್ರೆ ಒಳ್ಳೇ ಪ್ರಾಜೆಕ್ಟ್ ಆಗುತ್ತೆ.

ಖಾಸಗಿ ವಿಷಯ, ಹೆಸರು ಎಲ್ಲರಿಗೂ ಗೊತ್ತಾಗಬಾರದು ಅಂತ ಕೆಲವರು ಹೇಳ್ತಾರೆ. ನಾನೂ ಒಪ್ತೀನಿ, ನಾನೇ ಇಲ್ಲಿ ಹೆಸರು ಬರೆದಿಲ್ಲ ನೋಡಿ. ಎಲ್ಲರಿಗೂ ತೆರೆದಿಡಿ ಅಂತ ಕೇಳ್ತಿಲ್ಲ. ಇಷ್ಟು ವರ್ಷ ಮುಚ್ಚಿಡ್ತೀವಿ, ಆಮೇಲೆ ಸಂಬಂಧಿಕರು ವಂಶಾವಳಿ ತೋರಿಸಿ ಕೇಳಿದ್ರೆ ಅವರ ಮನೆಯವರದ್ದು ಮಾತ್ರ ತೋರಿಸ್ತೀವಿ ಅಂತ ಒಂದು ನಿಯಮ ಮಾಡಿದ್ರೆ ಸಾಕು. ಗುಟ್ಟು ಕಾಪಾಡೋಕೆ ಬೀಗ ಇದೆ, ಗೆದ್ದಲು ಬೇಕಾಗಿಲ್ಲ.

ನಿಮ್ಮ ಪೇಪರ್ ಓದೋರಲ್ಲೂ ನಮ್ಮಂಥ ಮನೆಗಳು ಇದಾವೆ ಅಂತ ನನಗೆ ಗೊತ್ತು, ಅವರೂ ಯಾರಿಗೂ ಹೇಳಿರಲ್ಲ. ಹಳೇ ಟ್ರಂಕಿನಲ್ಲಿ ಆಸ್ಪತ್ರೆಯಿಂದ ಬಂದ ಒಂದು ಕಾರ್ಡು, ಮನಿ ಆರ್ಡರ್ ಚೀಟಿ, ತೀರಿಕೊಂಡ್ರು ಅಂತ ಬಂದ ತಾರು ಏನಾದ್ರೂ ಸಿಕ್ಕಿದ್ರೆ ನಾಚಿಕೆ ಪಟ್ಕೊಂಡು ಒಲೆಗೆ ಹಾಕ್ಬೇಡಿ. ನಮ್ಮ ಮನೇಲಿ ಅಂಥ ಒಂದು ಕಾರ್ಡ್ ಇತ್ತಂತೆ, ಅಜ್ಜಿ ದೇವರ ಮನೆ ಪೆಟ್ಟಿಗೆಯಲ್ಲಿ ಅರಿಶಿಣದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ರಂತೆ, ಅಜ್ಜಿ ಹೋದ್ಮೇಲೆ ಪೆಟ್ಟಿಗೆ ಖಾಲಿ ಮಾಡಿದವರಿಗೆ ಅದು ಏನಂತ ಗೊತ್ತಾಗ್ಲಿಲ್ಲ. ಆ ಕಾರ್ಡ್ ಮೇಲೆ ಯಾವ ಊರಿನ ಮುದ್ರೆ ಇತ್ತು ಅಂತ ಗೊತ್ತಾಗಿದ್ರೆ ಸಾಕಿತ್ತು, ಮೂರು ಊರಲ್ಲಿ ಯಾವುದಕ್ಕೆ ಹೋಗಿ ಒಂದು ದೀಪ ಹಚ್ಚಬೇಕು ಅಂತ ನನಗೆ ತಿಳೀತಿತ್ತು.

ಇಂತಿ,
ನಿಮ್ಮ ಹಳೇ ಓದುಗಿ,
ಹರಿಹರ